ಕಿಟಕಿ ಮುಚ್ಚಲು ಅನುಮತಿ ಕೋರಿ

ಸಾರ್ವಜನಿಕ ರಸ್ತೆಗೆ ಮುಖ ಮಾಡಿರುವ ಯಾವುದೇ ಕಿಟಕಿ, ಬಾಗಿಲು ಅಥವಾ ಗವಾಕ್ಷಿಯನ್ನು ಪೂರ್ವಾನುಮತಿಯಿಲ್ಲದೆ ಕಾಯಂ ಆಗಿ ಮುಚ್ಚುವವನು ಸಾರ್ವಜನಿಕರ ಗಾಳಿಗೆ ಅಡ್ಡಿಪಡಿಸಿದವನೆಂದು ಭಾವಿಸತಕ್ಕದ್ದು. ಇದು ನಮ್ಮ ಪಟ್ಟಣ ಪಂಚಾಯಿತಿಯ 1994ನೇ ಸಾಲಿನ ಉಪವಿಧಿ. ಬರೆದವನು ನಾನು.

ಬರೆಯುವಾಗ ನನಗೆ ಕಿಟಕಿಗಳ ಮೇಲೆ ಯಾವ ದ್ವೇಷವೂ ಇರಲಿಲ್ಲ. ಪ್ರತಿಯೊಂದು ಪಂಚಾಯಿತಿಯೂ ಶನಿವಾರದೊಳಗೆ ಒಂದು ಹೊಸ ಉಪವಿಧಿ ರಚಿಸಿ ಕಳಿಸಬೇಕೆಂದು ಮೇಲಿನ ಕಚೇರಿಯಿಂದ ಪತ್ರ ಬಂದಿತ್ತು. ನನಗೆ ನೆನಪಾದದ್ದು ಶನಿವಾರ ಮಧ್ಯಾಹ್ನ. ತಲೆ ಎತ್ತಿ ನೋಡಿದೆ; ಎದುರಿಗೆ ಕಿಟಕಿ ಇತ್ತು. ಎಮ್ಮೆ ಇದ್ದಿದ್ದರೆ ಎಮ್ಮೆಗಳ ಬಗ್ಗೆ ಬರೆಯುತ್ತಿದ್ದೆ. ಆರು ಕಲಮು ಬರೆದ ಮೇಲೆ ಹಾಳೆಯ ಕೆಳಗೆ ಸ್ವಲ್ಪ ಜಾಗ ಉಳಿಯಿತು. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಏಳನೆಯದನ್ನೂ ಬರೆದೆ. ಸಭೆ ಅದನ್ನು ಓದದೆ ಸರ್ವಾನುಮತದಿಂದ ಅಂಗೀಕರಿಸಿತು. ಮುಂದೆ ನಾಲ್ಕು ವರ್ಷ ಆ ಉಪವಿಧಿಯ ತಂಟೆಗೆ ಯಾರೂ ಬರಲಿಲ್ಲ. ಮೊದಲು ಬಂದವನೂ ನಾನೇ.

ನನ್ನ ಹೆಸರು ತ್ರ್ಯಂಬಕರಾವ. ಕಟ್ಟಡ ವಿಭಾಗದ ಗುಮಾಸ್ತ, ಮೂರನೇ ಟೇಬಲ್ಲು. ನಮ್ಮದು ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ಬಸ್ಸು ನಿಲ್ಲುವ ಊರು. ಊರಿನ ಹೆಸರು ಹೇಳಲು ಅನುಮತಿ ಬೇಕು; ಆ ಅರ್ಜಿ ಸದ್ಯ ಮೂರನೇ ಟೇಬಲ್ಲಿನಲ್ಲೇ ಇದೆ.

1998ರ ಬೇಸಿಗೆಯಲ್ಲಿ ನಾನು ಮನೆಯ ಮುಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ತೆರೆದೆ. ಸ್ಟುಡಿಯೋ ಎಂದರೆ ಹುಬ್ಬಳ್ಳಿಯಿಂದ ತಂದ ಒಂದು ಟೇಪ್ ಡೆಕ್ಕು, ಒಂದು ಮಿಕ್ಸರು, ಎರಡು ಮೈಕು ಮತ್ತು ನಾನು. ಬಾಗಿಲ ಮೇಲೆ ‘ನಾದಬ್ರಹ್ಮ ಧ್ವನಿಮುದ್ರಣ ಕೇಂದ್ರ’ ಎಂದು ಬರೆಸಿದೆ. ಪೇಂಟರನ ಅಕ್ಷರ ದಪ್ಪವಾಗಿ ‘ಕೇಂದ್ರ’ ಬಾಗಿಲು ದಾಟಿ ಗೋಡೆಯ ಮೇಲೆ ಹೋಯಿತು. ನನಗೆ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ. ಆದ್ದರಿಂದ ಬೇರೆಯವರ ತಪ್ಪು ಹಿಡಿಯುವ ಅರ್ಹತೆ ನನ್ನಲ್ಲಿ ಪೂರ್ತಿಯಾಗಿತ್ತು.

ಗೋಡೆಗೆ ಗೋಡೆ ಹತ್ತಿ ದುಂಡಪ್ಪನ ಹಿಟ್ಟಿನ ಗಿರಣಿ. ಆಗಸ್ಟಿನಲ್ಲಿ ಅವನ ಸೋದರತ್ತೆ ಶಟ್ಟೆವ್ವ ಕಟಕೋಳದಿಂದ ಬಂದು ಅವನ ಮನೆಯಲ್ಲಿ ಉಳಿದಳು. ಎಪ್ಪತ್ತು ದಾಟಿದ ಮುದುಕಿ. ಬೀಸುವ ಪದ ಆಕೆಗೆ ಎಷ್ಟು ಬರುತ್ತವೆ ಎಂದು ಕೇಳಿದರೆ, “ಜ್ವಾಳ ಎಷ್ಟೈತಿ ಅಷ್ಟ” ಎನ್ನುತ್ತಿದ್ದಳು. ಆಕೆಯ ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು. ರಾಮದುರ್ಗದ ಡಾಕ್ಟರು ನೋಡಿ, ಬೆಳಗಾವಿಯಲ್ಲಿ ಡಿಸೆಂಬರ್ ಹತ್ತಕ್ಕೆ ಆಪರೇಶನ್ ಎಂದು ಗೊತ್ತು ಮಾಡಿದ್ದರು. ಆಮೇಲೆ ಮಾತು ಬರುತ್ತದೆ, ಹಾಡು ಬರುವುದನ್ನು ಹೇಳಲಾಗದು ಎಂದಿದ್ದರು.

ದುಂಡಪ್ಪ ತಾನಾಗಿಯೇ ನನ್ನ ಕಟ್ಟೆಗೆ ಬಂದು ಕುಂತ. “ರಾಯರ, ನಮ್ಮತ್ತಿ ಹಾಡು ನಿಮ್ಮ ಮಸೀನಿನ್ಯಾಗ ಹಿಡದ ಇಡ್ರಿ. ಆಕಿ ನಮ್ಮವ್ವನ ಜೋಡಿ ಕುಂತು ಬೀಸಿದಾಕಿ. ಅವ್ವಂತೂ ಹ್ವಾದ್ಲು. ಹಾಡಾದ್ರೂ ಉಳೀಲಿ.”

ನಾನು ಒಪ್ಪಿದೆ. ಮರುದಿನವೇ ಶಟ್ಟೆವ್ವನನ್ನು ಕೂರಿಸಿ ಒಂದು ಪದ ಹಿಡಿದೆ. ತಿರುಗಿಸಿ ಕೇಳಿದಾಗ ಟೇಪಿನಲ್ಲಿ ಶಟ್ಟೆವ್ವ ಇದ್ದಳು. ಜೊತೆಗೆ ಗಿರಣಿಯ ಪಟ್ಟಾ, ಬಸ್ಸಿನ ಹಾರ್ನು, “ಯರಗಟ್ಟಿ, ಯರಗಟ್ಟಿ” ಎಂಬ ಕಂಡಕ್ಟರ್, ನಮ್ಮ ಮನೆಯ ಕುಕ್ಕರಿನ ಮೂರು ಸೀಟಿ, ಎಲ್ಲ ಇದ್ದವು. ಮೂರನೆಯ ಸೀಟಿ ಶಟ್ಟೆವ್ವನ ಶ್ರುತಿಗೆ ಸರಿಯಾಗಿ ಕೂಡಿತ್ತು. ಅದನ್ನು ಆಗ ನಾನು ಗಮನಿಸಲಿಲ್ಲ.

ನನ್ನ ಹತ್ತಿರ ಧ್ವನಿಶಾಸ್ತ್ರದ ಒಂದು ಪುಸ್ತಕವಿತ್ತು. ಹನ್ನೆರಡು ಪುಟ, ಮಿಕ್ಸರಿನ ಡಬ್ಬಿಯಲ್ಲಿ ಬಂದಿತ್ತು. ಗಾಳಿ ನುಸುಳುವ ಕಡೆ ಶಬ್ದವೂ ನುಸುಳುತ್ತದೆ, ಆದ್ದರಿಂದ ಗೋಡೆಗಿಂತ ಮೊದಲು ಬಾಗಿಲು ಕಿಟಕಿ ನೋಡಿಕೊಳ್ಳಿ ಎಂದು ಅದರಲ್ಲಿತ್ತು. ನನ್ನ ಕೋಣೆಗೆ ರಸ್ತೆಯ ಕಡೆ ಒಂದು ಬಾಗಿಲು, ಎರಡು ಕಿಟಕಿ, ಒಂದು ಗವಾಕ್ಷಿ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಕ್ಕು ಓಡಾಡುತ್ತಿತ್ತು.

“ಅಲ್ರೀ,” ಎಂದಳು ನನ್ನ ಹೆಂಡತಿ ಶಾಂತಾಬಾಯಿ, “ಸಪ್ಪಳ ಇದ್ರ ಇರಲಿ. ಆಕಿ ದನಿ ಛಲೋ ಅದ, ಈಗ ಹಿಡದ ಬಿಡ್ರಿ.”

“ಗುಣಮಟ್ಟ ಅಂತ ಒಂದು ಇರತದ,” ಎಂದೆ.

“ಆಕಿಗೆ ಗಂಟಲಾಗ ಗಂಟ ಅದ ರೀ.”

ನಾನು ಪುಸ್ತಕದ ಎಂಟನೇ ಪುಟ ತೆಗೆದು ತೋರಿಸಿದೆ. ಅವಳು ಮೆಣಸಿನಕಾಯಿ ಹಿಂಡಿ ಕುಟ್ಟಲು ಒಳಗೆ ಹೋದಳು. ಆ ಸಪ್ಪಳವೂ ಕೋಣೆಗೆ ಬಂತು.

ಬೇರೆ ಯಾರಾದರೂ ಆಗಿದ್ದರೆ ಬಡಿಗನನ್ನು ಕರೆದು ಸುಮ್ಮನೆ ಕಿಟಕಿ ಮುಚ್ಚಿಸುತ್ತಿದ್ದರು. ಊರಿನಲ್ಲಿ ಹಾಗೆ ಮುಚ್ಚಿದ ಕಿಟಕಿಗಳು ನೂರಾರಿದ್ದವು. ಆದರೆ ಉಪವಿಧಿ ಬರೆದವನೇ ಅದನ್ನು ಮುರಿದರೆ ಬರೆದದ್ದಕ್ಕೆ ಏನರ್ಥ? ಒಂದು ಸಂಜೆ ಮನೆಯಲ್ಲಿ ಕುಳಿತು ‘ವಿಷಯ: ಕಿಟಕಿ ಮುಚ್ಚಲು ಅನುಮತಿ ಕೋರಿ’ ಎಂದು ಅರ್ಜಿ ಬರೆದೆ. ಮರುದಿನ ಕಚೇರಿಯಲ್ಲಿ ಮೂರನೇ ಟೇಬಲ್ಲಿಗೆ ಸಲ್ಲಿಸಿದೆ, ಆಮೇಲೆ ಮೂರನೇ ಟೇಬಲ್ಲಿನ ಹಿಂದೆ ಕೂತು ಸ್ವೀಕರಿಸಿದೆ. ಓದಿ ನೋಡಿದರೆ ಮೂರು ನ್ಯೂನತೆಗಳಿದ್ದವು. ಅರ್ಜಿದಾರ ಕಿಟಕಿಯ ಅಳತೆ ಕೊಟ್ಟಿರಲಿಲ್ಲ, ನೆರೆಯವರ ಒಪ್ಪಿಗೆ ಹಚ್ಚಿರಲಿಲ್ಲ, ಹೊರಗೆ ಶಬ್ದವಿದೆ ಎನ್ನುವುದಕ್ಕೆ ಪುರಾವೆ ಇರಲಿಲ್ಲ. ಇಂಥ ಅಜಾಗರೂಕ ಅರ್ಜಿದಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನೋಟೀಸು ಬರೆದು ಸಹಿ ಮಾಡಿ ಜವಾನ ಬಸಯ್ಯನ ಕೈಯಲ್ಲಿ ಕಳಿಸಿದೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಶಾಂತಾಬಾಯಿ ತಾಟು ಇಡುತ್ತ ಹೇಳಿದಳು, “ಯಾರೋ ತ್ರ್ಯಂಬಕರಾವ ಅಂತ. ನಿಮಗ ನೋಟೀಸ ಕೊಟ್ಟಾನ.”

“ಭಾಳ ಕಡಕ ಮನುಷ್ಯಾ,” ಎಂದೆ.

“ಹೆಂಡ್ತಿ ಹೆಂಗ ಬಾಳ್ವಿ ಮಾಡ್ತಾಳೋ ಏನೋ.”

ಅಳತೆ ಕೊಟ್ಟೆ. ದುಂಡಪ್ಪ ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ. ಅವನಿಗೆ ಸಹಿ ಬರುತ್ತದೆ, ಆದರೆ ಕೈಯೆಲ್ಲ ಹಿಟ್ಟಾಗಿತ್ತು. ಉಳಿದದ್ದು ಶಬ್ದದ ಪುರಾವೆ. ಅದಕ್ಕೆ ಸ್ಥಳ ಪರಿಶೀಲನೆ ಆಗಬೇಕು. ಮುಖ್ಯಾಧಿಕಾರಿ ಸಾಹೇಬರಿಗೆ ಬಿಡುವಾಗಲು ಸೆಪ್ಟೆಂಬರ್ ಮುಗಿಯಿತು.

ಅವರು ಬಂದ ದಿನ ಬಸಯ್ಯ ಇದ್ದ, ಕಚೇರಿಯ ಪರವಾಗಿ ನಾನಿದ್ದೆ. ಅರ್ಜಿದಾರನ ಪರವಾಗಿಯೂ ನಾನೇ ಇದ್ದುದರಿಂದ ಮೊದಲು ಒಳಗೆ ಹೋಗಿ ನಿಂತು, “ಬರ್ರಿ ಸಾಹೇಬ್ರ” ಎಂದು ಸ್ವಾಗತಿಸಿ, ಮತ್ತೆ ಹೊರಗೆ ಬಂದು ಸಾಹೇಬರ ಹಿಂದೆ ಒಳಗೆ ಹೋದೆ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಗಿರಣಿ ನಿಂತಿತು. ಬಸ್ಸು ಮುರಗೋಡದ ಹತ್ತಿರ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ಅರ್ಧ ತಾಸು ಕಾದೆವು. ಓಣಿಯ ನಾಯಿ ಒಂದು ಸಲ ಆಕಳಿಸಿತು, ಸಪ್ಪಳ ಮಾಡದೆ. ಪಂಚನಾಮೆಯಲ್ಲಿ ‘ಶಬ್ದ ಕಂಡುಬಂದಿಲ್ಲ’ ಎಂದು ದಾಖಲಾಯಿತು. ಬರೆದುಕೊಂಡವನು ನಾನೇ; ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಲ್ಲ.

ಎರಡನೆಯ ಪರಿಶೀಲನೆಗೆ ನಾನು ತಯಾರಿ ಮಾಡಿಕೊಂಡೆ. ಗಿರಣಿ ಓಡಿಸುತ್ತ ಇರು ಎಂದು ದುಂಡಪ್ಪನಿಗೆ ಹೇಳಿದೆ. “ಬರೇ ಓಡಿಸಿದ್ರ ಕಲ್ಲ ಸವೀತಾವ್ರಿ. ಏನರ ಹಾಕ್ರಿ,” ಎಂದ. ಎರಡು ಚೀಲ ಜೋಳ ತಂದು ಹಾಕಿದೆ. ಸಾಹೇಬರು ಬಂದರು, ಕಿವಿ ಮುಚ್ಚಿಕೊಂಡರು, ‘ಶಬ್ದ ಕಂಡುಬಂದಿದೆ’ ಎಂದು ಬರೆಸಿದರು. ಅದು ಅವರ ಕರಿ ಪ್ಯಾಂಟಿನ ಮೇಲೂ ಹಿಟ್ಟಾಗಿ ಕಂಡುಬಂದಿತ್ತು. ನಮ್ಮ ಮನೆಯಲ್ಲಿ ಮುಂದೆ ಎರಡು ತಿಂಗಳು ಹಳೇ ಹಿಟ್ಟಿನ ರೊಟ್ಟಿ. ಅವು ತಟ್ಟುವಾಗಲೇ ಹರಿಯುತ್ತಿದ್ದವು. ಶಾಂತಾಬಾಯಿ ಪ್ರತಿ ರೊಟ್ಟಿಗೂ ‘ಪುರಾವೆ’ ಎಂದು ಹೆಸರಿಟ್ಟು, “ಇನ್ನೊಂದು ಪುರಾವೆ ಹಾಕಲೇನ್ರಿ?” ಎಂದು ಕೇಳುತ್ತಿದ್ದಳು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಶಬ್ದ ಸಾಬೀತಾದ ಮೇಲೆ, ಶಬ್ದ ಮಾಡಿದವನನ್ನು ಸುಮ್ಮನೆ ಬಿಡುವುದಕ್ಕೆ ಕಲಮು ನಾಲ್ಕರಲ್ಲಿ ಆಸ್ಪದವಿರಲಿಲ್ಲ. ದುಂಡಪ್ಪನಿಗೆ ಗಿರಣಿ ನಿಲ್ಲಿಸುವ ನೋಟೀಸು ಹೋಯಿತು. ಸಹಿ ನನ್ನದು. ಅವನು ಅದನ್ನು ಹಿಡಿದುಕೊಂಡು ನೇರ ಮೂರನೇ ಟೇಬಲ್ಲಿಗೆ ಬಂದ.

“ರಾಯರ, ಗಿರಣಿ ಹೊಡಿ ಅಂದವರು ಯಾರ್ರಿ?”

“ಅರ್ಜಿದಾರರು.”

“ನಿಂದರಸು ಅಂದವರು?”

“ಕಚೇರಿ.”

ದುಂಡಪ್ಪ ನೋಟೀಸನ್ನು ಟೇಬಲ್ಲಿನ ಮೇಲಿಟ್ಟ. “ನಾ ಈಗ ಯಾರ ಮ್ಯಾಲ ಸಿಟ್ಟಾಗ್ಲಿ, ಅದನ್ನರ ಹೇಳ್ರಿ.”

ಪ್ರಶ್ನೆ ಸರಿಯಾಗಿತ್ತು. ನಾನು ಅದನ್ನು ಲಿಖಿತವಾಗಿ ಕೊಡಲು ಹೇಳಿದೆ. ಆ ದಿನದಿಂದ ಅವನು ನನ್ನ ಕೂಡ ಮಾತು ಬಿಟ್ಟ. ಶಟ್ಟೆವ್ವನೂ ನಮ್ಮ ಕಟ್ಟೆ ಹತ್ತಲಿಲ್ಲ. ಕೋಣೆ ಮುಚ್ಚಿದರೆ ಗಿರಣಿಯ ಶಬ್ದ ಯಾರಿಗೂ ತೊಂದರೆಯಲ್ಲ, ಹಾಗಾಗಿ ನೋಟೀಸು ವಾಪಸ್ಸಾಗುತ್ತದೆ. ಆದರೆ ನೋಟೀಸು ಇತ್ಯರ್ಥವಾಗದೆ ಕೋಣೆ ಮುಚ್ಚಲು ಅನುಮತಿ ಇಲ್ಲ. ಎರಡೂ ಕಡತಗಳು ಒಂದರ ದಾರಿ ಒಂದು ಕಾಯುತ್ತ ನನ್ನ ಟೇಬಲ್ಲಿನ ಮೇಲೆ ಕೂತವು. ದೀಪಾವಳಿ ಬಂತು, ಹೋಯಿತು. ಕೊನೆಗೆ ನವೆಂಬರ್ ಆರರಂದು ಹನ್ನೊಂದೂ ಕಾಲಿಗೆ ಸಾಹೇಬರು ಎರಡು ಕೈಯಲ್ಲಿ ಎರಡು ಪೆನ್ನು ಹಿಡಿದು ಎರಡಕ್ಕೂ ಒಟ್ಟಿಗೆ ಸಹಿ ಮಾಡಿದರು. ಎಡಗೈಯ ಸಹಿ ದುಂಡಪ್ಪನ ಪಾಲಿಗೆ ಬಂತು. ಗಿರಣಿ ಮತ್ತೆ ಓಡಿತು.

ಬಡಿಗೇರ ಮಾನಪ್ಪ ಹತ್ತು ದಿನ ಕೆಲಸ ಮಾಡಿದ. ಹಳೇ ಸಾಗವಾನಿ ಬಾಗಿಲಿನ ಹಿಂದೆ ಇನ್ನೊಂದು ಬಾಗಿಲು ಕೂರಿಸಿದ. ನಡುವಿನ ಖಾಲಿ ಜಾಗಕ್ಕೆ ಬೈಲಹೊಂಗಲದ ಹತ್ತಿ ತುಂಬಿದ. ಚೌಕಟ್ಟಿನ ಸುತ್ತ ಸೈಕಲ್ ಟ್ಯೂಬು ಕತ್ತರಿಸಿ ಬಡಿದ. ಬಾಗಿಲು ಹಾಕಿದರೆ ಎಮ್ಮೆ ನಿಟ್ಟುಸಿರು ಬಿಟ್ಟಂತೆ ಸದ್ದಾಗಿ ಕೂಡಿಕೊಳ್ಳುತ್ತಿತ್ತು. ಒಂದು ಕಿಟಕಿಯನ್ನು ಪೂರ್ತಿ ಮುಚ್ಚಿ, ಇನ್ನೊಂದಕ್ಕೆ ಎರಡು ಪದರು ಗಾಜು ಹಾಕಿದ. ಗವಾಕ್ಷಿಗೆ ಗೋಣಿತಟ್ಟು ತುರುಕಿದ. ಒಳಗಡೆ ಎಲ್ಲದರ ಮೇಲೆ ಶಾಂತಾಬಾಯಿಯ ತಾಯಿ ಹೊಲಿದ ನಾಲ್ಕು ಕೌದಿಗಳನ್ನು ತೂಗುಹಾಕಿದೆವು. ಬಾಗಿಲ ಮೇಲೊಂದು ಕೆಂಪು ಬಲ್ಬು ಹತ್ತಿತು. ಒಳಗೆ ನಿಂತು ಬಾಗಿಲು ಹಾಕಿಕೊಂಡೆ. ಗಿರಣಿ ಇಲ್ಲ, ಬಸ್ಸಿಲ್ಲ, ಕುಕ್ಕರಿಲ್ಲ. ನನ್ನ ಹೊಟ್ಟೆಯ ಗುಡುಗುಡು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಗುಣಮಟ್ಟ ಬಂದಿತ್ತು.

ಕೆಲಸ ಮುಗಿದದ್ದನ್ನು ಖಾತ್ರಿ ಮಾಡಲು ಸಾಹೇಬರು ಬಂದರು. ಒಳಗೆ ಹೋದರು, ಬಾಗಿಲು ನಿಟ್ಟುಸಿರು ಬಿಟ್ಟಿತು. ಐದು ನಿಮಿಷದ ಕೆಲಸ. ನಲವತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಗಾಜಿನಿಂದ ನೋಡಿದರೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹೊರಗೆ ಬಂದಾಗ ಅವರ ಮುಖ ಜಳಕ ಮಾಡಿ ಬಂದವರ ಹಾಗಿತ್ತು.

“ತ್ರ್ಯಂಬಕರಾವ್, ಹತ್ತೊಂಬತ್ತು ವರ್ಷ ಆತು ನೌಕರಿ ಹಿಡದು. ಒಬ್ಬರೂ ‘ಸಾಹೇಬ್ರ’ ಅನ್ನದ ಕುಂತದ್ದು ಇವತ್ತ ಮೊದಲು,” ಎಂದರು. ಆಮೇಲೆ ಮೆತ್ತಗೆ ಕೇಳಿದರು, “ಆ ಏಳನೇ ಕಲಮು ಏನದ?”

ಆ ಕಲಮು ಹೀಗಿತ್ತು: ‘ಮುಚ್ಚಲ್ಪಟ್ಟ ಕಿಟಕಿಯಿಂದ ಉಂಟಾಗುವ ಸಕಲ ಪ್ರಯೋಜನವು, ಸಾರ್ವಜನಿಕರು ಕಳೆದುಕೊಂಡ ಗಾಳಿಗೆ ಬದಲಾಗಿ, ಪಂಚಾಯಿತಿಗೆ ಸೇರತಕ್ಕದ್ದು.’ ಖಾಲಿ ಜಾಗ ತುಂಬಲು ಬರೆದದ್ದು. ನಾಲ್ಕು ಸಾಲು ಹಿಡಿಸಿತ್ತು.

ಕೋಣೆಯನ್ನು ಸ್ವಾಧೀನಪಡಿಸಿಕೊಳ್ಳುವ ಆದೇಶವನ್ನು ನಾನೇ ಕರಡು ಮಾಡಿದೆ. ಚೆನ್ನಾಗಿ ಬಂದಿತು. ಡೆಕ್ಕು, ಮಿಕ್ಸರು, ಮೈಕು, ಕೌದಿ, ಎಲ್ಲವನ್ನೂ ಯಾದಿ ಮಾಡಿ ಸಾಮಾನು ರಿಜಿಸ್ಟರಿಗೆ ಏರಿಸಿದೆ. ಬೀಗ ಕಚೇರಿಯದು. ಮುಂಬಾಗಿಲು ಸರಕಾರದ್ದಾದ್ದರಿಂದ ನಾವು ಹಿತ್ತಿಲ ಕಡೆಯಿಂದ ಓಡಾಡತೊಡಗಿದೆವು. ಥಂಡಿ ಶುರುವಾಗಿತ್ತು, ಶಾಂತಾಬಾಯಿ ಕೌದಿ ಕೇಳಿದಳು. ಅವು ಈಗ ಸ್ಥಿರಾಸ್ತಿಯ ಭಾಗವೆಂದು ತಿಳಿಸಿದೆ.

ಸಾಹೇಬರು ಆ ಕೋಣೆಯನ್ನು ಸೋಮವಾರದ ಕುಂದುಕೊರತೆ ಸಭೆಗೆ ಮೀಸಲಿಟ್ಟರು. ಮೊದಲು ಆ ಸಭೆ ಕಚೇರಿಯ ಹಾಲಿನಲ್ಲಿ ನಡೆಯುತ್ತಿತ್ತು; ಜನ ಕೂಗುತ್ತಿದ್ದರು, ಸಾಹೇಬರಿಗೆ ತಲೆನೋವು. ಈಗ ಹೊಸ ಪದ್ಧತಿ. ಟೋಕನ್ ಪಡೆದ ಅಹವಾಲುದಾರ ಒಬ್ಬನೇ ಒಳಗೆ ಹೋಗತಕ್ಕದ್ದು. ಬಾಗಿಲು ಹಾಕಿ ಕೆಂಪು ಬಲ್ಬು ಹಚ್ಚತಕ್ಕದ್ದು. ಇಪ್ಪತ್ತು ನಿಮಿಷ ಮೈಕಿನ ಮುಂದೆ ಮಾತಾಡತಕ್ಕದ್ದು. ಅಧಿಕಾರಿಗಳು ಹೊರಗೆ ಕೂತು ಗಾಜಿನಿಂದ ನೋಡಿ ‘ಅಹವಾಲು ಆಲಿಸಲಾಗಿದೆ’ ಎಂದು ರಿಜಿಸ್ಟರಿನಲ್ಲಿ ಬರೆಯತಕ್ಕದ್ದು.

“ಮೈಕಿನ ವಾಯರ್ ಎಲ್ಲಿಗೆ ಜೋಡಿಸೋಣ್ರಿ?” ಎಂದು ಕೇಳಿದೆ.

“ವಾಯರ್ ಬ್ಯಾಡ. ಮೈಕ್ ಇರಲಿ, ಜನಕ್ಕ ಧೈರ್ಯ ಬರತದ,” ಎಂದರು.

ನಾನು ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಮೊದಲ ಟೋಕನ್ ಲಗಮಪ್ಪ ಎಂಬ ಮುದುಕನದು. ಅವನ ಮನೆಯ ಮುಂದಿನ ಗಟಾರ ಆರು ವರ್ಷದಿಂದ ತುಂಬಿತ್ತು. ಒಳಗೆ ಕೈ ಬೀಸಿ, ಎದ್ದು ನಿಂತು, ಒಮ್ಮೆ ರುಮಾಲು ತೆಗೆದು ನೆಲಕ್ಕೆ ಬಡಿದು ಮಾತಾಡಿದ. ಹೊರಗೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದ. “ಆರು ವರ್ಷದಾಗ ನಡುವ ಬಾಯಿ ಹಾಕದ ನನ್ನ ಮಾತು ಪೂರ್ತಿ ಕೇಳಿದ್ದು ಇವತ್ತ ನೋಡ್ರಿ,” ಎಂದು ಸಾಹೇಬರಿಗೆ ಕೈ ಮುಗಿದ. ಗಟಾರದ ನೆನಪು ಅವನಿಗೂ ಹೋಗಿತ್ತು. ಮುಂದಿನ ಸೋಮವಾರ ಸಾಲು ಗಿರಣಿ ದಾಟಿತು. ನಮ್ಮ ಹದ್ದಿನಲ್ಲಿ ಇಲ್ಲದ ಯರಗಟ್ಟಿ, ಮುರಗೋಡದವರೂ ಬಂದು, ತಮ್ಮ ಅಹವಾಲನ್ನೂ ಇಲ್ಲೇ ಆಲಿಸಬೇಕೆಂದು ಅಹವಾಲು ಸಲ್ಲಿಸಿದರು.

ಇತ್ತ ಡಿಸೆಂಬರ್ ಬಂತು. ಹತ್ತಕ್ಕೆ ಆಪರೇಶನ್. ನಾನು ದುಂಡಪ್ಪನ ಗಿರಣಿಗೆ ಹೋಗಿ, ಕಚೇರಿಯ ಪರವಾಗಿ ಅಲ್ಲ, ನನ್ನ ಪರವಾಗಿ ಕೈ ಮುಗಿದೆ. ಅವನು ಚೀಲದ ಬಾಯಿ ಕಟ್ಟುತ್ತಲೇ ಇದ್ದ. ಚೀಲದ ಮೇಲೆ ಕೂತಿದ್ದ ಶಟ್ಟೆವ್ವನೇ ಹೇಳಿದಳು, “ಬಿಡೋ ದುಂಡ್ಯಾ. ಆ ಮನಶ್ಯಾಗ ಬರಿಯೋ ಚಾಳಿ ಐತಿ, ಮನಸಿನಾಗ ಏನಿಲ್ಲ.”

ಏಳನೇ ತಾರೀಕು ಸೋಮವಾರ ಆಕೆಗೆ ಟೋಕನ್ ಕೊಡಿಸಿದೆ. ಅಹವಾಲುದಾರರ ಹೊರತು ಬೇರೆಯವರಿಗೆ ಪ್ರವೇಶವಿರಲಿಲ್ಲ. ಬಸಯ್ಯ ವಿಷಯ ಕೇಳಿದಾಗ “ಬೀಸೂ ಪದ” ಎಂದಳು. ಅವನು ಹಾಗೇ ಬರೆದುಕೊಂಡು, ನಾನು ವಾಯರು ಜೋಡಿಸುವುದು ತನಗೆ ಕಾಣದಿರಲೆಂದು ಬೀಡಿ ಸೇದಲು ಹೋದ. ಯಾದಿಯ ಸಾಮಾನಿನ ಉಸ್ತುವಾರಿಗೆಂದು ನಾನೂ ಒಳಗೆ ಉಳಿದೆ; ಬಾಗಿಲು ಕೂಡಿಕೊಂಡಿತು. ನಾನು ಬಟನ್ ಒತ್ತಿ ಕೈ ಮಾಡಿದೆ.

ಶಟ್ಟೆವ್ವ ಬಾಯಿ ತೆರೆದಳು, ಮುಚ್ಚಿದಳು. ಸುತ್ತಲೂ ನೋಡಿದಳು. ಮತ್ತೆ ತೆರೆದಳು. ಒಂದು ಸಾಲು ಅರ್ಧಕ್ಕೆ ಬಂದು ನಿಂತಿತು.

“ಯಪ್ಪಾ, ಇಲ್ಲೆ ಬರಂಗಿಲ್ಲೋ.”

“ಯಾಕ ಆಯೀ? ಒಂಚೂರೂ ಸಪ್ಪಳಿಲ್ಲ.”

“ಅದಕ್ಕ. ಕಲ್ಲ ತಿರಗೂ ಸಪ್ಪಳ ಇದ್ರ ಅದರ ಮ್ಯಾಲ ಪದ ಕುಂದರತೈತಿ. ಇಲ್ಲೆ ಎಲ್ಲಿ ಇಡ್ಲಿ? ನನ್ನ ದನಿ ನನಗ ಕೇಳತೈತಿ, ಅಂಜಿಕಿ ಬರತೈತಿ.”

ಆಕೆ ಎದ್ದು ಬಾಗಿಲು ತೆಗೆದುಕೊಂಡು ಹೊರಗೆ ಹೋದಳು. ಗಿರಣಿ ಓಡುತ್ತಿತ್ತು. ಹಿಟ್ಟಿನ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರ ನಡುವೆ ಚೀಲದ ಮೇಲೆ ಕೂತಳು. ಸ್ವಲ್ಪ ಹೊತ್ತು ಆ ಸಪ್ಪಳಕ್ಕೆ ಕಿವಿ ಕೊಟ್ಟು, ಮೊಣಕಾಲ ಮೇಲೆ ಕೈ ತಿರುಗಿಸುತ್ತ ಹಾಡತೊಡಗಿದಳು.

ನನ್ನ ಡೆಕ್ಕು ಒಳಗೇ ಇತ್ತು. ಯಾದಿಯಲ್ಲಿದ್ದ ಸಾಮಾನನ್ನು ಹೊರಗೆ ಒಯ್ಯಲು ನಮೂನೆ ಹನ್ನೊಂದು ಬೇಕು. ಅದನ್ನು ಕೊಡುವವನು ನಾನು. ಆದರೆ ಆ ಹೊತ್ತಿನಲ್ಲಿ ನಾನು ಕಚೇರಿಯಲ್ಲಿ ಇರಲಿಲ್ಲ, ಇಲ್ಲಿದ್ದೆ. ಓಡಿದೆ. ಐವತ್ತು ವರ್ಷದವನು ಧೋತರ ಎತ್ತಿ ಪೇಟೆಯಲ್ಲಿ ಓಡುವುದನ್ನು ನೋಡಿ ಅಂಗಡಿಯವರು ಎದ್ದು ನಿಂತರು. ಮೂರನೇ ಟೇಬಲ್ಲಿನ ಮುಂದೆ ನಿಂತು ಬೇಡಿಕೆ ಬರೆದು, ಹಿಂದೆ ಕೂತು ಮಂಜೂರು ಮಾಡಿದೆ. ಮೊಹರಿನ ಶಿಕ್ಕೆ ಹೊಡೆಯುವ ಮಸಿ ಒಣಗಿತ್ತು. ನೀರು ಹಾಕಿ ತಿಕ್ಕಿದೆ. ತಿರುಗಿ ಬರುವ ಹೊತ್ತಿಗೆ ಒಂದು ತಾಸು ದಾಟಿತ್ತು.

ಶಟ್ಟೆವ್ವ ಇನ್ನೂ ಹಾಡುತ್ತಿದ್ದಳು. ಹೆಂಗಸರು ಸೊಲ್ಲು ಹಿಡಿದಿದ್ದರು. ದುಂಡಪ್ಪ ಗಿರಣಿಯ ಮುಂದೆ ಬೆನ್ನು ತಿರುಗಿಸಿ ನಿಂತು ಖಾಲಿ ಕಲ್ಲು ಓಡಿಸುತ್ತಿದ್ದ. ಕಲ್ಲು ಸವೆಯುವ ಮಾತು ಎತ್ತಲಿಲ್ಲ. ಆಕೆಯ ಪಾದದ ಹತ್ತಿರ, ಶಾಂತಾಬಾಯಿ ಏಕಾದಶಿಯ ದಿನ ಭಜನೆ ಕೇಳುವ ಸಣ್ಣ ಟೇಪ್ ರೆಕಾರ್ಡರು ತಿರುಗುತ್ತಿತ್ತು. ಅದರ ಕೆಂಪು ಗುಂಡಿಯನ್ನು ಶಾಂತಾಬಾಯಿ ಬೆರಳಿನಿಂದ ಒತ್ತಿ ಹಿಡಿದಿದ್ದಳು. ಬಿಟ್ಟರೆ ಅದು ಮೇಲೆ ಬರುತ್ತಿತ್ತು. ಒಂದು ತಾಸಿನಿಂದ ಹಾಗೇ ಹಿಡಿದಿದ್ದಳಂತೆ. ಬೆರಳು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸುಮ್ಮನಿರಲು ಸನ್ನೆ ಮಾಡಿದಳು.

ನಾನು ನಮೂನೆ ಹನ್ನೊಂದನ್ನು ಹಿಡಿದುಕೊಂಡು ಬುಟ್ಟಿಗಳ ನಡುವೆ ನಿಂತೆ. ಯಾರೂ ಅದನ್ನು ಕೇಳಲಿಲ್ಲ. ಮಡಚಿ ಜೇಬಿನಲ್ಲಿಟ್ಟೆ. ಅದು ಕ್ರಮಬದ್ಧವಾಗಿತ್ತು.

ಆಪರೇಶನ್ ಆಯಿತು. ಮುದುಕಿ ಗಟ್ಟಿಯಾಗಿಯೇ ಇದ್ದಾಳೆ, ಆದರೆ ದನಿ ಈಗ ಪಿಸುಮಾತು. ಮಧ್ಯಾಹ್ನ ಗಿರಣಿಯಲ್ಲಿ ಆ ಕ್ಯಾಸೆಟ್ಟು ಹಾಕಿಸಿಕೊಂಡು ಕೇಳುತ್ತಾಳೆ. ಅದರಲ್ಲಿ ಗಿರಣಿ ಇದೆ, ಬಸ್ಸಿದೆ, ಎರಡನೇ ಬದಿಯಲ್ಲಿ ಯಾರೋ ಓಡಿಬಂದು ಏದುಸಿರು ಬಿಡುವುದೂ ಇದೆ. ಅದನ್ನು ತೆಗೆಯಬಹುದೆಂದು ಹೇಳಿದೆ. ಶಟ್ಟೆವ್ವ ಬೇಡವೆಂದು ಕೈ ಮಾಡಿದಳು.

ಕೋಣೆಯ ವಿಷಯದಲ್ಲಿ ಹೇಳುವುದಾದರೆ, ಮೇಲಿನ ಕಚೇರಿ ನಮ್ಮ ಪದ್ಧತಿಯನ್ನು ಮಾದರಿ ಎಂದು ಸುತ್ತೋಲೆ ಹೊರಡಿಸಿತು. ಸಾಹೇಬರಿಗೆ ಬಡ್ತಿಯಾಯಿತು; ಅವರು ಬಡ್ತಿ ಬೇಡವೆಂದು, ಈ ಊರೇ ಸಾಕೆಂದು ಬರೆದುಕೊಟ್ಟರು. ಮಾನಪ್ಪನಿಗೆ ಮೂರು ತಾಲೂಕಿನಲ್ಲಿ ಕೆಲಸ ಸಿಕ್ಕಿತು. ನಾನು ಸೋಮವಾರ ತಪ್ಪದೆ ಸಾಲಿನಲ್ಲಿ ನಿಲ್ಲುತ್ತೇನೆ.

ಕಳೆದ ಸೋಮವಾರ ನನ್ನದು ಹದಿನೇಳನೇ ಟೋಕನ್. ಬಸಯ್ಯ ವಿಷಯ ಕೇಳಿದ.

“ಈ ಕೋಣಿ ನನ್ನದದ, ತಿರುಗಿ ಕೊಡ್ರಿ.”

“ಹೋದ ವಾರದ್ದ ಏನ್ರಿ?”

“ಅದ.”

ಒಳಗೆ ಇಪ್ಪತ್ತು ನಿಮಿಷ ಮಾತಾಡಿದೆ. ಒಮ್ಮೆ ಟೇಬಲ್ಲು ಗುದ್ದಿದೆ. ಹೊರಗೆ ಬಂದು ‘ಆಲಿಸಲಾಗಿದೆ’ ಎಂಬುದರ ಮುಂದೆ ಸಹಿ ಮಾಡಿದೆ. ಸುಳ್ಳೇಕೆ ಹೇಳಲಿ, ಬಹಳ ಹಗುರಾಗಿತ್ತು.

ಹದಿನೆಂಟನೇ ಟೋಕನ್ ಹಿಡಿದು ಶಾಂತಾಬಾಯಿ ನಿಂತಿದ್ದಳು.

“ನಿನ್ನದೇನ ವಿಷಯ?” ಎಂದೆ.

“ನೀವು,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಂಪು ಬಲ್ಬು ಹತ್ತಿತು. ಗಾಜಿನಿಂದ ನೋಡುತ್ತ ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳು ಮಡಚಿ ಮಡಚಿ ಎಣಿಸುತ್ತ ಮಾತಾಡುತ್ತಿದ್ದಳು. ಬಲಗೈ ಮುಗಿದು ಎಡಗೈಗೆ ಬಂದಳು. ಒಂದು ಅಕ್ಷರವೂ ಹೊರಗೆ ಬರಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಬಸಯ್ಯ ಬಾಗಿಲು ಬಡಿದ; ಒಳಗೆ ಕೇಳಿಸಲಿಲ್ಲ.

“ಇರಲಿ ಬಿಡ್ರಿ, ಪಾಪ, ಹೇಳಿ ಮುಗಸ್ಲಿ,” ಎಂದರು ಸಾಲಿನಲ್ಲಿದ್ದವರು.

ಸಾಹೇಬರು ನನ್ನತ್ತ ನೋಡಿದರು. ಅಭ್ಯಂತರವಿಲ್ಲ ಎಂದು ಬರೆದುಕೊಟ್ಟೆ.